ನಗರಾಡಳಿತದಲ್ಲಿ ವಿದ್ಯಾರ್ಥಿ ತರಬೇತಿ: ವ್ಯಾಪಾರೋದ್ಯಮಿಗಳಿಗೆ ಅದರ ಪ್ರಯೋಜನ

ಪದವಿ ಮುಗಿಸಿದ ಯುವಕರು ಕೆಲಸವಿಲ್ಲವೆಂದು ಬೆಂಗಳೂರಿನತ್ತ ಮುಖ ಮಾಡುತ್ತಾರೆ. ಕೆಲಸ ಬಲ್ಲವರು ಸಿಗುವುದಿಲ್ಲವೆಂದು ಊರಿನ ಉದ್ದಿಮೆದಾರರು ಚಿಂತಿಸುತ್ತಾರೆ. ಬಳ್ಳಾರಿ ಜಿಲ್ಲೆಯಲ್ಲಿ ಈ ಎರಡು ಮಾತುಗಳೂ ಒಟ್ಟಿಗೆ ಕೇಳಿಬರುತ್ತವೆ. ಇವೆರಡರ ನಡುವಣ ಅಂತರವನ್ನು ತುಂಬಬಲ್ಲ ಸಾಧನವೆಂದರೆ ವ್ಯಾಸಂಗದ ಜೊತೆಯಲ್ಲಿಯೇ, ಅಥವಾ ಅದು ಮುಗಿದ ಕೂಡಲೇ, ದೊರೆಯುವ ಕಾರ್ಯಾನುಭವ. ಅಂತಹ ಅನುಭವಕ್ಕೆ ಕಾರ್ಖಾನೆಯಷ್ಟೇ ಸೂಕ್ತವಾದ ಇನ್ನೊಂದು ಸ್ಥಳ ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಕಚೇರಿ.

ಸ್ಥಳೀಯ ಸಂಸ್ಥೆಯೇ ಏಕೆ?

ವ್ಯಾಪಾರಿಯು ಸರ್ಕಾರವನ್ನು ಅತಿ ಹೆಚ್ಚು ಬಾರಿ ಎದುರುಗೊಳ್ಳುವುದು ಸ್ಥಳೀಯ ಸಂಸ್ಥೆಯಲ್ಲಿ. ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ, ಖಾತಾ, ಕಟ್ಟಡ ಅನುಮತಿ, ನೀರು, ಚರಂಡಿ, ಕಸ ವಿಲೇವಾರಿ ಇವೆಲ್ಲವೂ ಅಲ್ಲಿಯ ವಿಷಯಗಳು. ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮವೂ, ನಗರಸಭೆ ಹಾಗೂ ಪುರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮವೂ ಆಧಾರವಾಗಿವೆ. 1992ರ ಸಂವಿಧಾನದ 74ನೇ ತಿದ್ದುಪಡಿಯು ಇಂತಹ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿ ಮಾಡಿದೆ. ಈ ಕಚೇರಿಯಲ್ಲಿ ಎರಡು ತಿಂಗಳು ಶ್ರದ್ಧೆಯಿಂದ ಕೆಲಸ ಮಾಡಿದ ವಾಣಿಜ್ಯ ಪದವೀಧರನು ಮುಂದೆ ಯಾವುದೇ ಅಂಗಡಿ ಅಥವಾ ಗಿರಣಿಯ ಲೆಕ್ಕಪತ್ರ ವಿಭಾಗಕ್ಕೆ ಬಂದರೂ ಕಡತ, ನಿಯಮ, ಗಡುವು ಇವುಗಳ ಪರಿಚಯ ಉಳ್ಳವನಾಗಿರುತ್ತಾನೆ.

ಟ್ಯುಲಿಪ್ ಯೋಜನೆಯ ಸ್ವರೂಪ

ನಗರ ಸಂಸ್ಥೆಗಳಲ್ಲಿ ತರಬೇತಿಗೆ ರಾಷ್ಟ್ರಮಟ್ಟದ ಚೌಕಟ್ಟು ದೊರೆತದ್ದು 2020ರ ಜೂನ್ 4ರಂದು. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಹಾಗೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕೂಡಿ ‘ಟ್ಯುಲಿಪ್’ ಎಂಬ ನಗರ ಕಲಿಕಾ ಇಂಟರ್ನ್‌ಶಿಪ್ ಕಾರ್ಯಕ್ರಮವನ್ನು ಅಂದು ಆರಂಭಿಸಿದವು. ಸ್ಮಾರ್ಟ್ ಸಿಟಿಗಳಿಗಷ್ಟೇ ಸೀಮಿತಗೊಳಿಸದೆ ದೇಶದ 4,400ಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳನ್ನು ಅದರ ವ್ಯಾಪ್ತಿಗೆ ತರಲಾಯಿತು. ಪದವಿ ಪೂರೈಸಿ 18 ತಿಂಗಳೊಳಗಿರುವವರಿಗೆ 8 ವಾರದಿಂದ ಒಂದು ವರ್ಷದವರೆಗೆ ಅವಕಾಶ ನೀಡುವುದು, ಗೌರವಧನವನ್ನು ಆಯಾ ಸಂಸ್ಥೆಯ ವಿವೇಚನೆಗೆ ಬಿಡುವುದು, ಕೊನೆಯಲ್ಲಿ ಪ್ರಮಾಣಪತ್ರ ಕೊಡುವುದು ಇದರ ಮುಖ್ಯ ಅಂಶಗಳು. ಇಂಜಿನಿಯರಿಂಗ್ ಪದವೀಧರರಲ್ಲದೆ ವಾಣಿಜ್ಯ, ಕಲೆ, ವಿಜ್ಞಾನ, ಕಾನೂನು ಓದಿದವರಿಗೂ ನಗರಾಡಳಿತದಲ್ಲಿ ಕೆಲಸವುಂಟೆಂಬುದನ್ನು ಈ ಚೌಕಟ್ಟು ಒಪ್ಪಿಕೊಂಡಿತು.

ಮೂರು ಊರು, ಮೂರು ಬಗೆಯ ಕೆಲಸ

2021ರಲ್ಲಿ ವಿಜಯನಗರ ಜಿಲ್ಲೆ ಪ್ರತ್ಯೇಕಗೊಂಡ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಸಿರುಗುಪ್ಪ, ಸಂಡೂರು, ಕಂಪ್ಲಿ, ಕುರುಗೋಡು ತಾಲ್ಲೂಕುಗಳು ಉಳಿದವು. ಇವುಗಳಲ್ಲಿ ಮೂರು ಪಟ್ಟಣಗಳ ಅಗತ್ಯಗಳನ್ನು ಪರಿಶೀಲಿಸಿದರೆ ಒಂದೇ ನಮೂನೆಯ ತರಬೇತಿ ಎಲ್ಲೆಡೆಗೆ ಸಲ್ಲದೆಂಬುದು ಸ್ಪಷ್ಟವಾಗುತ್ತದೆ.

ಬಳ್ಳಾರಿಯು 39 ವಾರ್ಡುಗಳ ಮಹಾನಗರ ಪಾಲಿಕೆ. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 4 ಲಕ್ಷ ದಾಟಿತ್ತು. ಜೀನ್ಸ್ ಹೊಲಿಗೆಯ ಘಟಕಗಳಲ್ಲಿ ಹಲವು ವಸತಿ ಬೀದಿಗಳ ನಡುವೆಯೇ ಇವೆ. ವಾರ್ಡಿನ ಉದ್ದಿಮೆಗಳನ್ನು ಪರವಾನಗಿ ವಹಿಯೊಡನೆ ತಾಳೆ ನೋಡುವುದು ಇಲ್ಲಿ ವಿದ್ಯಾರ್ಥಿಗೆ ತಕ್ಕ ಕೆಲಸ. 2014ರ ಬೀದಿ ವ್ಯಾಪಾರಿಗಳ ಅಧಿನಿಯಮವು ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕೆಂದು ವಿಧಿಸಿರುವುದರಿಂದ ಆ ಕಾರ್ಯದಲ್ಲಿಯೂ ವಿದ್ಯಾರ್ಥಿಗಳ ನೆರವು ಪಡೆಯಬಹುದು.

ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳೇ ಪ್ರಧಾನ. ವಾಣಿಜ್ಯ ಕಟ್ಟಡಗಳ ಅಳತೆ, ಸ್ವಯಂಘೋಷಿತ ತೆರಿಗೆ ನಮೂನೆಗಳ ಪರಿಶೀಲನೆ, ಹೊಟ್ಟು ಹಾಗೂ ಬೂದಿಯ ವಿಲೇವಾರಿಯ ಅಧ್ಯಯನ ಇಲ್ಲಿ ಉಪಯುಕ್ತ.

ಹೊಸ ತಾಲ್ಲೂಕು ಕೇಂದ್ರವಾದ ಕುರುಗೋಡಿನ ಪುರಸಭೆ ಚಿಕ್ಕದು. ಚಿಕ್ಕ ಕಚೇರಿಯಲ್ಲಿ ಒಬ್ಬನೇ ವಿದ್ಯಾರ್ಥಿಯು ತೆರಿಗೆ, ನೀರು, ನೈರ್ಮಲ್ಯ, ಲೆಕ್ಕಪತ್ರ ಎಲ್ಲವನ್ನೂ ಸಮೀಪದಿಂದ ನೋಡಬಲ್ಲನು. ವಿಶಾಲವಾದ ಕಲಿಕೆಗೆ ಇದೇ ಉತ್ತಮ.

ಎಂಟು ವಾರಗಳ ಒಂದು ಮಾದರಿ

ಉದಾಹರಣೆಗಾಗಿ ಒಂದು ವಾರ್ಡಿನ ಪರವಾನಗಿ ಪರಿಶೀಲನೆಯನ್ನೇ ತೆಗೆದುಕೊಳ್ಳಬಹುದು.

1. ಮೊದಲ ವಾರ: ನಿಯಮ, ಶುಲ್ಕಪಟ್ಟಿ ಮತ್ತು ವಹಿಯ ಅಭ್ಯಾಸ.
2. ಎರಡರಿಂದ ಐದನೆಯ ವಾರ: ಗುರುತಿನ ಚೀಟಿಯೊಡನೆ ಅಂಗಡಿಗಳ ಭೇಟಿ, ಹೆಸರು, ಉದ್ದಿಮೆಯ ವರ್ಗ ಮತ್ತು ವಿಸ್ತೀರ್ಣದ ದಾಖಲೆ.
3. ಆರು, ಏಳನೆಯ ವಾರ: ವ್ಯತ್ಯಾಸಗಳ ಪಟ್ಟಿ, ಸಿಬ್ಬಂದಿಯಿಂದ ಅದರ ದೃಢೀಕರಣ.
4. ಎಂಟನೆಯ ವಾರ: ಲಿಖಿತ ವರದಿ ಸಲ್ಲಿಕೆ.

ತಪ್ಪಾದ ವರ್ಗದಲ್ಲಿ ದಾಖಲಾದ ಅಂಗಡಿಗೆ ತಪ್ಪು ಶುಲ್ಕ ಬೀಳುತ್ತದೆ. ಹೆಸರು ಹೊಂದದ ಪರವಾನಗಿಯಿಂದ ಬ್ಯಾಂಕ್ ಸಾಲದ ಕಡತ ನಿಲ್ಲಬಹುದು. ಇವು ಸರಿಹೋದರೆ ಲಾಭ ವ್ಯಾಪಾರಿಗೂ ಉಂಟು, ಸಂಸ್ಥೆಗೂ ಉಂಟು.

ಇಂಟರ್ನ್‌ಶಿಪ್ ಬೇರೆ, ಶಿಶಿಕ್ಷು ತರಬೇತಿ ಬೇರೆ

ಇದೇ ಕ್ರಮವನ್ನು ತಮ್ಮ ಘಟಕಗಳಲ್ಲಿ ಅನುಸರಿಸಬಯಸುವ ಉದ್ದಿಮೆದಾರರು ಈ ವ್ಯತ್ಯಾಸವನ್ನು ಅರಿತಿರಬೇಕು. ಇಂಟರ್ನ್‌ಶಿಪ್ ಮುಖ್ಯವಾಗಿ ವ್ಯಾಸಂಗಕ್ಕೆ ಸಂಬಂಧಿಸಿದ ಅಲ್ಪಾವಧಿಯ ಅನುಭವ. ಅಪ್ರೆಂಟಿಸ್ ಎಂದು ರೂಢಿಯಲ್ಲಿರುವ ಶಿಶಿಕ್ಷು ತರಬೇತಿಯು 1961ರ ಅಧಿನಿಯಮದಡಿ ನೋಂದಾಯಿತ ಒಪ್ಪಂದದಿಂದ ನಡೆಯತಕ್ಕದ್ದು.

2019ರ ನಿಯಮ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳಿಗೆ ಇದು ಕಡ್ಡಾಯ. 4ರಿಂದ 29 ಸಿಬ್ಬಂದಿಯುಳ್ಳವುಗಳಿಗೆ ಐಚ್ಛಿಕ. ಶಿಶಿಕ್ಷುಗಳ ಸಂಖ್ಯೆ ಗುತ್ತಿಗೆ ನೌಕರರೂ ಸೇರಿದ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರ ಒಳಗಿರಬೇಕು. 40 ಮಂದಿಯ ಅಕ್ಕಿ ಗಿರಣಿಗೆ ಇದು ಒಬ್ಬರಿಂದ ಆರು ಮಂದಿಯವರೆಗೆ ಆಗುತ್ತದೆ. ಅದೇ ತಿದ್ದುಪಡಿಯು ಕನಿಷ್ಠ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ಅನುಸಾರವಾಗಿ ಮಾಸಿಕ 5,000ದಿಂದ 9,000 ರೂಪಾಯಿ ಎಂದು ಗೊತ್ತುಪಡಿಸಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ಶೇ 36ರ ಹೆಚ್ಚಳಕ್ಕೆ ಶಿಫಾರಸು ಮಾಡಿದ್ದರಿಂದ, ಒಪ್ಪಂದದ ದಿನ ಜಾರಿಯಲ್ಲಿರುವ ದರವನ್ನು ಪರಿಶೀಲಿಸಿಯೇ ಸಹಿ ಮಾಡುವುದು ಕ್ಷೇಮ. 2016ರಲ್ಲಿ ಆರಂಭಗೊಂಡ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯು ಶಿಷ್ಯವೇತನದ ಶೇ 25ರಷ್ಟನ್ನು, ಮಾಸಿಕ 1,500 ರೂಪಾಯಿ ಮಿತಿಯೊಳಗೆ, ಭರಿಸುವ ವ್ಯವಸ್ಥೆ ಮಾಡಿತು.

ಪಾಲಿಸಬೇಕಾದ ಅಂಶಗಳು

ಕಚೇರಿಯಾಗಲಿ, ಕಾರ್ಖಾನೆಯಾಗಲಿ, ತರಬೇತಿ ಫಲಿಸುವುದು ಕೆಲಸವನ್ನು ಮೊದಲೇ ಬರೆದಿಟ್ಟಾಗ ಮಾತ್ರ. ಚಹಾ ತರುವುದು, ನಕಲು ಪ್ರತಿ ತೆಗೆಯುವುದು ಇವುಗಳಲ್ಲೇ ಎಂಟು ವಾರ ಕಳೆದರೆ ವಿದ್ಯಾರ್ಥಿಯ ಕೈಯಲ್ಲಿ ಕಾಗದ ಉಳಿಯುತ್ತದೆ, ವಿದ್ಯೆ ಉಳಿಯುವುದಿಲ್ಲ. ಆ ಕಾಗದವನ್ನು ನಂಬಿ ನಾಳೆ ಅವನನ್ನು ನೇಮಿಸಿಕೊಳ್ಳುವ ಉದ್ದಿಮೆದಾರನೂ ನಷ್ಟಕ್ಕೊಳಗಾಗುತ್ತಾನೆ.

• ಪ್ರತಿ ವಿದ್ಯಾರ್ಥಿಗೂ ಹೆಸರಿಸಲ್ಪಟ್ಟ ಒಬ್ಬ ಮಾರ್ಗದರ್ಶಕನಿರಬೇಕು.
• ದಿನಚರಿಯನ್ನು ಬರೆಸಿ ವಾರಕ್ಕೊಮ್ಮೆ ಪರಿಶೀಲಿಸಬೇಕು.
• ಪ್ರಮಾಣಪತ್ರದಲ್ಲಿ ಅವಧಿಯ ಜೊತೆಗೆ ಮಾಡಿದ ಕೆಲಸವನ್ನೂ ನಮೂದಿಸಬೇಕು.
• ತೆರಿಗೆದಾರರ ಹಾಗೂ ಗ್ರಾಹಕರ ವಿವರಗಳನ್ನು ಗೋಪ್ಯವಾಗಿಡುವ ಲಿಖಿತ ಒಪ್ಪಿಗೆ ಪಡೆಯಬೇಕು.
• ಯಂತ್ರಗಳ ಬಳಿ ಕಲಿಯುವವರ ಸುರಕ್ಷತೆಗೆ ಏರ್ಪಾಡಿರಬೇಕು. ಶಿಶಿಕ್ಷುವಿಗೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆಯನ್ನು ಅಧಿನಿಯಮವು ಉದ್ಯೋಗದಾತನ ಮೇಲೆ ಹೊರಿಸಿದೆ.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ಖಾಲಿ ಹುದ್ದೆಯ ಕೆಲಸವನ್ನು ವಿದ್ಯಾರ್ಥಿಯ ಹೆಗಲಿಗೇರಿಸುವುದು ತರಬೇತಿಯಲ್ಲ. ಪರವಾನಗಿ ನೀಡುವ, ತೆರಿಗೆ ನಿರ್ಧರಿಸುವ ಅಧಿಕಾರ ಅವನದಲ್ಲ. ಅವನು ಮಾಹಿತಿ ಸಂಗ್ರಹಿಸಬಹುದು. ತೀರ್ಮಾನ ಅಧಿಕಾರಿಯದೇ ಆಗಿರಬೇಕು. ಹಾಗೆಯೇ ದೂರದ ಹಳ್ಳಿಯಿಂದ ಬರುವವನಿಗೆ ಬಸ್ ವೆಚ್ಚವೂ ಸಿಗದಿದ್ದರೆ, ಅವಕಾಶವು ಅನುಕೂಲಸ್ಥರ ಮಕ್ಕಳಿಗಷ್ಟೇ ಮೀಸಲಾಗುತ್ತದೆ. ಪ್ರಯಾಣ ವೆಚ್ಚವನ್ನಾದರೂ ವಾಣಿಜ್ಯ ಸಂಘಗಳು ಭರಿಸಲು ಮುಂದಾಗುವುದು ಸೂಕ್ತ.

ಕಾಲೇಜು, ಸ್ಥಳೀಯ ಸಂಸ್ಥೆ ಮತ್ತು ವಾಣಿಜ್ಯ ಸಂಘ ಈ ಮೂರೂ ಕುಳಿತು ವರ್ಷಾರಂಭದಲ್ಲಿಯೇ ಕೆಲಸಗಳ ಪಟ್ಟಿ ಸಿದ್ಧಪಡಿಸಿಕೊಂಡರೆ ಅರ್ಧ ಕಾರ್ಯ ಮುಗಿದಂತೆ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಘಟಕದಲ್ಲಿ ಎಂಟು ವಾರಗಳಲ್ಲಿ ಪೂರೈಸಬಹುದಾದ ಒಂದು ಕೆಲಸವನ್ನು ಒಂದು ಹಾಳೆಯಲ್ಲಿ ಬರೆದು ಆ ಪಟ್ಟಿಗೆ ಸೇರಿಸುವುದರಿಂದ ಆರಂಭಿಸಬಹುದು.