ಬಾಗಿಲಲ್ಲಿ ನಿಂತು ಬರೆಯಬೇಡ

ಹಿಂದುಳಿದ ವರ್ಗಗಳ ಸಮೀಕ್ಷೆಯ ಡ್ಯೂಟಿ ಬಿತ್ತು, ದಸರಾ ರಜೆ ಹೋಯಿತು ಅಂತ ಬೇಸರ ಮಾಡಿಕೊಂಡೆಯಲ್ಲ ಮಗಳೇ. ಆ್ಯಪ್ ತೆರೆಯುವುದಿಲ್ಲ, ನೆಟ್‌ವರ್ಕ್ ಸಿಗುವುದಿಲ್ಲ, 60 ಪ್ರಶ್ನೆ ಮುಗಿಯುವ ಹೊತ್ತಿಗೆ ಮನೆಯವರೂ ಸುಸ್ತು, ನೀನೂ ಸುಸ್ತು. ಎಲ್ಲ ನಿಜ. ಆದರೂ ಮೇಷ್ಟ್ರಾಗಿದ್ದ ನಿನ್ನ ದೊಡ್ಡಪ್ಪನ ಮಾತು ಸ್ವಲ್ಪ ಕೇಳಿಸಿಕೋ.

ಯಾರು ಹಿಂದುಳಿದವರು ಅನ್ನುವುದು ವಿಧಾನಸೌಧದಲ್ಲಿ ತೀರ್ಮಾನವಾಗುತ್ತದೆ ಅಂತ ಜನ ತಿಳಿದಿದ್ದಾರೆ. ಅಲ್ಲಿ ಅಳೆಯುವ ಕಾಳನ್ನು ಮನೆಮನೆಯಿಂದ ತರುವವಳು ನೀನು. 1961ರಲ್ಲಿ ನಾಗನಗೌಡ ಸಮಿತಿ, ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಆಯಾ ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಅಂತ ಲೆಕ್ಕ ಹಾಕಿತು. ರಾಜ್ಯದ ಸರಾಸರಿ 6.9. ಸರಾಸರಿಯ ಆಸುಪಾಸಿನಲ್ಲಿದ್ದವರನ್ನೂ ಸರ್ಕಾರ ಹಿಂದುಳಿದವರ ಪಟ್ಟಿಗೆ ಸೇರಿಸಿ, ಒಟ್ಟು ಮೀಸಲಾತಿಯನ್ನು 68 ಪರ್ಸೆಂಟ್ ಮುಟ್ಟಿಸಿದಾಗ ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ಆ ಆದೇಶವನ್ನೇ ಹೊಡೆದುಹಾಕಿತು. ಜಾತಿಯೊಂದನ್ನೇ ಅಳತೆಗೋಲು ಮಾಡಬೇಡಿ ಎಂದಿತು. ಆಮೇಲೆ ಮುಖ್ಯಮಂತ್ರಿ ದೇವರಾಜ ಅರಸು ನೇಮಿಸಿದ ಹಾವನೂರು ಆಯೋಗ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತು. ದೆಹಲಿಯ ಮಂಡಲ್ ಆಯೋಗ 11 ಮಾನದಂಡ ಇಟ್ಟು, ಒಟ್ಟು 22 ಅಂಕ ಹಂಚಿತು. 11 ಅಥವಾ ಅದಕ್ಕಿಂತ ಹೆಚ್ಚು ಬಂದ ಜಾತಿ ಹಿಂದುಳಿದದ್ದು. ಅರ್ಧಕ್ಕಿಂತ ಹೆಚ್ಚು ಮನೆಯವರು ಕುಡಿಯುವ ನೀರಿಗೆ ಅರ್ಧ ಕಿಲೋಮೀಟರಿಗೂ ಆಚೆ ಹೋಗಬೇಕಾ ಅನ್ನುವುದು ಅದರಲ್ಲೊಂದು. ಕೊಡ ಹೊತ್ತವಳ ಆ ನಡಿಗೆಗೆ ಸಿಕ್ಕಿದ್ದು ಒಂದೇ ಅಂಕ. ನನ್ನ ಕೈಲಿದ್ದಿದ್ದರೆ ಮೂರು ಕೊಡುತ್ತಿದ್ದೆ.

1984ರಲ್ಲಿ ವೆಂಕಟಸ್ವಾಮಿ ಆಯೋಗದ ಸಮೀಕ್ಷೆಗೆ ನಾನೂ ಹೋಗಿದ್ದೆ. ಒಂದು ಸಂಜೆ ಊರಾಚೆ ಹುಣಸೆಮರದ ಕೆಳಗೆ ಹೆಳವರ ಎರಡು ಗುಡಾರ ಕಂಡವು, ಪಕ್ಕದಲ್ಲಿ ಎತ್ತು ಕಟ್ಟಿದ್ದರು. ನನ್ನ ಪಟ್ಟಿಯಲ್ಲಿ ಇದ್ದದ್ದು ಮನೆ ನಂಬರ್ ಇದ್ದವರು ಮಾತ್ರ. ಹೊತ್ತಾಗಿತ್ತು, ನಾಳೆ ಬಂದರಾಯಿತು ಅಂದುಕೊಂಡೆ. ಬೆಳಗ್ಗೆ ಹೋದರೆ ಮೂರು ಕಲ್ಲು, ಒಂದಿಷ್ಟು ಬೂದಿ. ಊರಿನ ಒಕ್ಕಲುಗಳ ತಲೆತಲಾಂತರದ ಹೆಸರುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಜನ ಅವರು. ಅವರ ಹೆಸರು ನನ್ನ ಹಾಳೆಗೆ ಬರಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಹೇಳುತ್ತಿದ್ದೇನೆ, ಬಾಗಿಲಲ್ಲಿ ನಿಂತು ಬರೆಯಬೇಡ. ಜಗುಲಿಯ ಮೇಲೆ ಕೂತುಕೋ, ನೀರು ಕೊಟ್ಟರೆ ಕುಡಿ. ಜಾತಿ ಕೇಳುವಾಗ ಅಕ್ಕಪಕ್ಕದವರು ಸುತ್ತ ನಿಂತಿದ್ದರೆ ಆ ಪ್ರಶ್ನೆಯನ್ನು ಆಮೇಲೆ ಕೇಳು. ಅಂಜಿಕೆಯಿಂದ ಬೇರೆ ಹೆಸರು ಹೇಳಿಬಿಡುತ್ತಾರೆ. ಒತ್ತಾಯ ಮಾಡಬೇಡ, ಹೇಳುವುದೂ ಬಿಡುವುದೂ ಅವರಿಷ್ಟ ಅಂತ ಹೈಕೋರ್ಟೇ ಹೇಳಿದೆ. ಹೇಳಿದರೆ ಮಾತ್ರ ಅವರ ಬಾಯಿಂದ ಬಂದ ಹಾಗೇ ಬರಿ. ನಿನಗೆ ಗೊತ್ತಿರುವ ಯಾವುದೋ ದೊಡ್ಡ ಜಾತಿಯ ಹೆಸರಿಗೆ ಹೊಂದಿಸಲು ಹೋಗಬೇಡ. ಸಣ್ಣ ಹೆಸರು ದೊಡ್ಡದರಲ್ಲಿ ಕರಗಿಹೋದರೆ, ಅತಿ ಹಿಂದುಳಿದವರ ಪ್ರವರ್ಗ 1ರಲ್ಲಿರಬೇಕಾದ ಮಗು ತನಗಿಂತ ಬಲವಾದವರ ಜೊತೆ ಒಂದೇ ಸೀಟಿಗೆ ಬಡಿದಾಡಬೇಕಾಗುತ್ತದೆ. ಶಾಲೆ ಬಿಟ್ಟ ಹುಡುಗಿ ಒಳಗಿದ್ದರೆ ಅವಳನ್ನೇ ಕರೆದು ಕೇಳು. ಅಪ್ಪ ಎಂಟನೇ ಕ್ಲಾಸು ಅನ್ನುತ್ತಾನೆ, ಅವಳು ಆರಕ್ಕೇ ಬಿಟ್ಟಿರುತ್ತಾಳೆ.

ಸಂಜೆ ಬಸ್ಸಿಗೆ ಹೊರಟಾಗ ಊರಾಚೆ ಎಲ್ಲಾದರೂ ಹೊಗೆ ಏಳುತ್ತಿದ್ದರೆ, ಅತ್ತ ಒಂದು ಹೆಜ್ಜೆ ಹೋಗಿ ಬಾ. ಕತ್ತಲಾದರೆ ಫೋನ್ ಮಾಡು, ಟಾರ್ಚ್ ಹಿಡಿದು ನಾನೇ ಬರುತ್ತೇನೆ.