ಮಗಳಿಗೆ ಹೇಳಿಕೆ ಲೆಕ್ಕದ ಭಯ
ಚನ್ನಪಟ್ಟಣದ ತಾಯಿಯವರಿಗೆ,

ಸೂತ್ರವೆಲ್ಲ ಬಾಯಿಪಾಠ ಬಂದರೂ ಹೇಳಿಕೆ ಲೆಕ್ಕ ಕಂಡರೆ ಮಗಳು ಅಳುತ್ತಾಳೆ ಎಂದು ಬರೆದಿದ್ದೀರಿ. ಅವಳನ್ನು ದಡ್ಡಿ ಎನ್ನಬೇಡಿ. ನಿಮ್ಮ ಸೀಮೆಯ ಲೆಕ್ಕವನ್ನೇ ಕೊಡಿ: ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕಿಲೋಗೆ 500 ರೂಪಾಯಿಯಂತೆ ಗೂಡು ಮಾರಿ, ಗಾಡಿ ಬಾಡಿಗೆ 800 ಕೊಟ್ಟ ಮೇಲೆ 19,200 ಉಳಿಯಿತು. ಮಾರಿದ್ದೆಷ್ಟು? ಗೊತ್ತಿಲ್ಲದ ತೂಕಕ್ಕೆ ‘ತ’ ಎಂದಿಟ್ಟುಕೊಳ್ಳಲಿ. 500ತ − 800 = 19,200; ತ = 40 ಕಿಲೋ. ಉತ್ತರವನ್ನು ಮತ್ತೆ ಸಮೀಕರಣಕ್ಕೆ ಹಾಕಿ ತಾಳೆ ನೋಡಲೇಬೇಕು. ಮಕ್ಕಳು ಬಿಟ್ಟುಬಿಡುವುದು ಇದನ್ನೇ.

ಸಂಭವನೀಯತೆಯ ಲೆಕ್ಕಕ್ಕೂ ಹೀಗೆಯೇ ಮನೆಯ ಮರದ ಬುಗುರಿಗಳೇ ಸಾಕು. ಚೀಲದಲ್ಲಿ 3 ಕೆಂಪು, 2 ಹಳದಿ; ಕೆಂಪು ಸಿಗುವ ಸಂಭವ 3/5. ಅದನ್ನು ವಾಪಸ್ ಹಾಕದಿದ್ದರೆ ಮುಂದಿನದೂ ಕೆಂಪಾಗುವ ಸಂಭವ 2/4. ಅವಳೇ ತೆಗೆದು ಎಣಿಸಲಿ.

12ನೆಯ ಶತಮಾನದಲ್ಲೇ ಗಣಿತಜ್ಞ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರ ಗಣಿತ’ ಬರೆದ. ನೀವೂ ಮನೆಮಾತಿನಲ್ಲೇ ಹೇಳಿಕೊಡಿ. ದಿನಕ್ಕೊಂದೇ ಲೆಕ್ಕ ಸಾಕು, ಅವಸರ ಮಾತ್ರ ಬೇಡ.