ತೆರಪು ಮತ್ತು ದೂರ: ಅಂಚೆಶಿಕ್ಷಣದಿಂದ ಆನ್‌ಲೈನ್ ಪದವಿಯವರೆಗೆ

ತರಗತಿಗೆ ಹೋಗದೆ ಪಡೆಯುವ ವಿಶ್ವವಿದ್ಯಾನಿಲಯದ ಪದವಿಯನ್ನು ಕುರಿತು ಕನ್ನಡದಲ್ಲಿ ಎರಡು ಹೆಸರುಗಳು ಬಳಕೆಗೆ ಬಂದಿವೆ. ಒಂದು ‘ಅಂಚೆ ತೆರಪಿನ ಶಿಕ್ಷಣ’, ಇನ್ನೊಂದು ‘ದೂರಶಿಕ್ಷಣ’. ಮೊದಲನೆಯದು ಹಳೆಯ ತಲೆಮಾರಿನ ಅಧ್ಯಾಪಕರ ಮಾತಿನಲ್ಲಿ ಮಾತ್ರ ಉಳಿದಿದೆ. ಎರಡನೆಯದು ಕಚೇರಿ, ಅಧಿಸೂಚನೆ, ಜಾಹೀರಾತುಗಳಲ್ಲೆಲ್ಲ ನೆಲೆಗೊಂಡಿದೆ. ಇವೆರಡನ್ನೂ ಒಂದೇ ವ್ಯವಸ್ಥೆಯ ಪರ್ಯಾಯ ನಾಮಗಳೆಂದು ಭಾವಿಸುವುದು ವಾಡಿಕೆ. ಆದರೆ ಈ ಎರಡು ಪದಗಳ ಹಿಂದೆ ಕಲಿಯುವವನ ತೊಡಕು ಯಾವುದೆಂಬುದರ ಬಗೆಗೆ ಎರಡು ಭಿನ್ನ ತಿಳಿವಳಿಕೆಗಳಿವೆ. ಆ ಭಿನ್ನತೆಯನ್ನು ಬಡವನಹಳ್ಳಿಯಂಥ ಒಂದು ಊರಿನ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ತೆರಪು’ ಹಳಗನ್ನಡದ ‘ತೆಱಪು’. ಪಕಾರ ಹಕಾರವಾದ ಮೇಲೆ ನಡುಗನ್ನಡದಲ್ಲಿ ಅದು ‘ತೆಱಹು’. ಇಂದಿನ ‘ತೆರವು’ ಎಂಬುದೂ ಇದೇ ಕುಟುಂಬದ ಪದ. ತೆರೆದ ಎಡೆ, ಎರಡರ ನಡುವಣ ಜಾಗ, ಬಿಡುವು, ಅವಕಾಶ ಎಂಬ ಅರ್ಥಗಳು ಇದಕ್ಕಿವೆ. ಸ್ಥಳ ಮತ್ತು ಕಾಲ ಎರಡನ್ನೂ ಹೇಳಬಲ್ಲ ಈ ಪದ ಶಿಕ್ಷಣದ ಸಂದರ್ಭಕ್ಕೆ ಬಂದಾಗ ಕಾಲವನ್ನೇ ಮುಖ್ಯವಾಗಿ ಹಿಡಿಯಿತು. ಆಡುಮಾತಿನಲ್ಲಿ ‘ಪುರುಸೊತ್ತು’ ಎಂದು ಹೇಳುವುದು ಇದನ್ನೇ. ‘ದೂರ’ ಎಂಬುದಾದರೋ ನೆಲದ ಅಳತೆ. ದೂರವಾಣಿ, ದೂರದರ್ಶನಗಳ ಮಾದರಿಯಲ್ಲಿ ರಚಿತವಾದ ‘ದೂರಶಿಕ್ಷಣ’ ವಿದ್ಯಾರ್ಥಿಗೂ ವಿಶ್ವವಿದ್ಯಾನಿಲಯಕ್ಕೂ ನಡುವಣ ಮೈಲಿಗಳನ್ನು ಸಮಸ್ಯೆಯೆಂದು ಗುರುತಿಸುತ್ತದೆ. ಮೈಲಿಗಳನ್ನು ದಾಟಿಸಿದರೆ ಸಮಸ್ಯೆ ಮುಗಿಯಿತೆಂಬ ಭರವಸೆಯನ್ನೂ ಕೊಡುತ್ತದೆ.

ಮಧುಗಿರಿ ತಾಲ್ಲೂಕಿನ ಬಡವನಹಳ್ಳಿ ಮಧುಗಿರಿ–ಶಿರಾ ರಸ್ತೆಯ ಮೇಲಿನ ಊರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದ್ದರೂ ಶಾಲಾ ಶಿಕ್ಷಣದ ಆಡಳಿತಕ್ಕೆ ಇದು ಪ್ರತ್ಯೇಕ ಘಟಕ. ಮಳೆಯಾಶ್ರಯದ ಶೇಂಗಾ ಮತ್ತು ರಾಗಿಯ ಸೀಮೆ. ಪಾವಗಡವಂತೂ ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದಿದ್ದು, ಅಲ್ಲಿಯ ಅನೇಕ ಮನೆಗಳಲ್ಲಿ ತೆಲುಗು ಆಡುಭಾಷೆ, ಕನ್ನಡ ಓದಿನ ಭಾಷೆ. ಈ ಪ್ರದೇಶಕ್ಕೆ ವಿಶ್ವವಿದ್ಯಾನಿಲಯ ಎಂಬುದು ಬಹುಕಾಲ ಮೈಸೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಇತ್ತು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳು ಬಂದವು. ಎಂದರೆ ದೂರ ಕಡಿಮೆಯಾಯಿತು. ಆದರೂ ಹೊರಗಿನಿಂದ ಓದುವವರು ಇಲ್ಲವಾಗಲಿಲ್ಲ. ಕಾಲೇಜು ಹತ್ತಿರ ಬಂದ ಮೇಲೂ ತರಗತಿಗೆ ಹೋಗಲಾಗದವರು ಯಾರು ಎಂಬ ಪ್ರಶ್ನೆಗೆ ‘ದೂರ’ ಎಂಬ ಪದದಲ್ಲಿ ಉತ್ತರವಿಲ್ಲ.

ಅವರು ಯಾರೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ್ದೇನಲ್ಲ. ಟಿ.ಸಿ.ಎಚ್. ಮುಗಿಸಿ ಪ್ರಾಥಮಿಕ ಶಾಲೆಗೆ ಸೇರಿ, ಬಡ್ತಿಗೆ ಪದವಿ ಬೇಕೆಂದು ಓದಿದ ಮೇಷ್ಟ್ರುಗಳು, ಪಿ.ಯು.ಸಿ. ಆದೊಡನೆ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಪುಸ್ತಕ ತೆರೆದ ಹೆಣ್ಣುಮಕ್ಕಳು. ಅಂಗನವಾಡಿ ಕಾರ್ಯಕರ್ತೆಯರು, ಕಂಡಕ್ಟರುಗಳು, ಪೊಲೀಸ್ ಪೇದೆಗಳು, ಹೊಲ ಬಿಟ್ಟು ಕದಲಲಾಗದ ಹಿರಿಯ ಮಗ. ಇವರಲ್ಲಿ ಎಷ್ಟೋ ಮಂದಿಗೆ ಕಾಲೇಜು ನಡೆದುಹೋಗುವಷ್ಟು ಹತ್ತಿರವಿದ್ದರೂ ಪ್ರಯೋಜನವಿರಲಿಲ್ಲ. ಹತ್ತರಿಂದ ನಾಲ್ಕರವರೆಗಿನ ಹೊತ್ತು ಅವರದಾಗಿರಲಿಲ್ಲ.

ಕನ್ನಡದ ಮಟ್ಟಿಗೆ ಈ ಬಗೆಯ ಓದು ಅಂಚೆಶಿಕ್ಷಣದಿಂದ ಆರಂಭವಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳು ತರಗತಿಯ ಹಾಜರಿಯನ್ನು ಕೇಳದೆ ಕನ್ನಡ ವಿದ್ವತ್ತಿಗೆ ಒಂದು ಮೆಟ್ಟಿಲನ್ನು ಒದಗಿಸಿದವು. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಿಂದ ನಡೆಸಿಕೊಂಡು ಬಂದ ಪ್ರಚಾರೋಪನ್ಯಾಸಗಳು ಇನ್ನೊಂದು ದಾರಿ. ಅಲ್ಲಿ ಪದವಿಯಿಲ್ಲ, ಪರೀಕ್ಷೆಯಿಲ್ಲ. ಅಧ್ಯಾಪಕನೇ ಊರಿಗೆ ಬಂದು ಸಂಜೆಯ ಹೊತ್ತು ಮಾತನಾಡುತ್ತಿದ್ದ, ಆ ಮಾತು ಚಿಕ್ಕ ಪುಸ್ತಕವಾಗಿ ಅಗ್ಗದ ಬೆಲೆಗೆ ಸಿಗುತ್ತಿತ್ತು. ಒಂದರಲ್ಲಿ ಅರ್ಹತಾಪತ್ರವಿದ್ದು ದನಿಯಿಲ್ಲ, ಇನ್ನೊಂದರಲ್ಲಿ ದನಿಯಿದ್ದು ಅರ್ಹತಾಪತ್ರವಿಲ್ಲ. ಇವೆರಡನ್ನೂ ಕೂಡಿಸುವುದು ಹೇಗೆಂಬ ಸಮಸ್ಯೆ ಮುಂದಿನ ಎಲ್ಲ ಪ್ರಯೋಗಗಳಿಗೂ ಎದುರಾಯಿತು.

ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣವನ್ನು ಆರಂಭಿಸಿದ್ದು ಭಾರತದಲ್ಲಿ ಮೊದಲನೆಯದು. ಏಳು ವರ್ಷಗಳ ಬಳಿಕ, 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಂಚೆಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸನ್ನದು ದೊರೆತದ್ದೂ ಅದೇ ವರ್ಷ. ಈ ಕಾಕತಾಳೀಯವನ್ನು ಹೆಚ್ಚು ಎಳೆಯಬೇಕಾಗಿಲ್ಲ. ಅಲ್ಲಿ ರೇಡಿಯೊ ಮತ್ತು ಟೆಲಿವಿಷನ್ ಆರಂಭದಿಂದಲೇ ಪಾಠದ ಭಾಗವಾಗಿದ್ದವು. ಇಲ್ಲಿ ಅಚ್ಚಾದ ಹಾಳೆಯೇ ಎಲ್ಲ. ನೆರೆಯ ಆಂಧ್ರದಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾನಿಲಯವೂ 1985ರಲ್ಲಿ ದೆಹಲಿಯಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವೂ ಬಂದವು. 1992ರ ಕಾಯಿದೆಯ ಅನ್ವಯ 1996ರ ಜೂನ್ 1ರಂದು ಮೈಸೂರಿನ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪಾಂತರ ಹೊಂದಿತು. ಉನ್ನತ ಶಿಕ್ಷಣ ಎಲ್ಲರಿಗೂ, ಎಲ್ಲೆಡೆ ಎಂಬುದು ಅದರ ಧ್ಯೇಯವಾಕ್ಯ. ಆ ವಾಕ್ಯದಲ್ಲಿ ವ್ಯಕ್ತಿಯಿದ್ದಾನೆ, ಸ್ಥಳವಿದೆ, ಕಾಲವಿಲ್ಲ. ‘ತೆರಪು’ ಎಂಬ ಪದ ಬಿದ್ದುಹೋದಾಗ ಕಳೆದುಹೋದದ್ದು ಇದೇ ಮೂರನೆಯ ಅಂಶ.

ಇನ್ನು ಸಿದ್ಧಪಾಠಗಳ ವಿಚಾರ. ಕನ್ನಡ ಅಧ್ಯಾಪಕರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಘಟಕದ ಉದ್ದೇಶ, ಪೀಠಿಕೆ, ವಿಷಯ ನಿರೂಪಣೆ, ಸಾರಾಂಶ, ಅಭ್ಯಾಸದ ಪ್ರಶ್ನೆಗಳು, ಪರಾಮರ್ಶನ ಗ್ರಂಥಗಳು ಎಂಬ ಚೌಕಟ್ಟಿನಲ್ಲಿ ರಚಿತವಾಗುವ ಈ ಪಾಠಗಳು ಕನ್ನಡದಲ್ಲಿ ಒಂದು ಪ್ರತ್ಯೇಕ ಗದ್ಯಪ್ರಕಾರವನ್ನೇ ಸೃಷ್ಟಿಸಿವೆ. ನಾಡಿನ ಅನೇಕ ವಿದ್ವಾಂಸರು ಇವುಗಳನ್ನು ಬರೆದಿದ್ದಾರೆ. ಆದರೂ ಸಾಹಿತ್ಯ ಚರಿತ್ರೆಯಾಗಲಿ ವಿಮರ್ಶೆಯಾಗಲಿ ಇವನ್ನು ಬರಹವೆಂದು ಪರಿಗಣಿಸಿದ್ದು ಕಡಿಮೆ. ಗ್ರಂಥಾಲಯಗಳ ಕಪಾಟುಗಳಲ್ಲಿರುವ ಅನೇಕ ಸಂಶೋಧನ ಗ್ರಂಥಗಳಿಗಿಂತ ಹೆಚ್ಚು ಕನ್ನಡಿಗರು ಇವನ್ನು ಓದಿದ್ದಾರೆಂದರೆ ಅತಿಶಯೋಕ್ತಿಯಾಗಲಾರದು. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಪದವಿಯ ಮಟ್ಟದಲ್ಲಿ ಕನ್ನಡದಲ್ಲಿ ಹೇಳುವ ಭಾಷೆ ರೂಪುಗೊಂಡದ್ದರಲ್ಲಿ ಈ ಕಂದುಬಣ್ಣದ ಲಕೋಟೆಗಳ ಪಾಲು ಸಣ್ಣದಲ್ಲ.

ಆದರೆ ಕನ್ನಡ ಎಂ.ಎ.ಗೆ ಬಂದಾಗ ಸಿದ್ಧಪಾಠದ ಮಿತಿ ಬೇರೆಯ ರೀತಿಯಲ್ಲಿ ಗೋಚರಿಸುತ್ತದೆ. ಅರ್ಥಶಾಸ್ತ್ರದ ಸಿದ್ಧಾಂತವೊಂದನ್ನು ಹಾಳೆಯ ಮೇಲಿನ ವಿವರಣೆಯಿಂದ ಗ್ರಹಿಸಬಹುದು. ಪಂಪನ ಕಂದಪದ್ಯವನ್ನು ಹಾಗೆ ಗ್ರಹಿಸಲಾಗದು. ಸಂಧಿ ಬಿಡಿಸಿ, ಪದಗಳನ್ನು ಬೇರ್ಪಡಿಸಿ, ಎಲ್ಲಿ ನಿಲ್ಲಬೇಕು ಎಲ್ಲಿ ನಿಲ್ಲಬಾರದು ಎಂಬುದನ್ನು ದನಿಯಲ್ಲಿ ತೋರಿಸದ ಹೊರತು ಹಳಗನ್ನಡದ ಪದ್ಯ ಅಕ್ಷರಗಳ ಸಾಲಾಗಿಯೇ ಉಳಿಯುತ್ತದೆ. ಪಾಠದಲ್ಲಿ ಪದ್ಯದ ಕೆಳಗೆ ಗದ್ಯಸಾರಾಂಶವಿರುತ್ತದೆ. ವಿದ್ಯಾರ್ಥಿ ಸಾರಾಂಶವನ್ನು ಕಲಿತು ಪದ್ಯವನ್ನು ಬಿಡುತ್ತಾನೆ. ಇದಕ್ಕೆ ವಿದ್ಯಾರ್ಥಿಯನ್ನು ದೂರುವುದು ನ್ಯಾಯವಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಮಳೆ ಹೋದ ವರ್ಷ ವಿರಾಟಪರ್ವವನ್ನು ಓದಿಸುತ್ತಿದ್ದ ಕಾಲದಲ್ಲಿ ಅಕ್ಷರ ಬಾರದವರೂ ಕುಮಾರವ್ಯಾಸನ ಷಟ್ಪದಿಯ ನಡೆಯನ್ನು ಕಿವಿಯಿಂದ ಬಲ್ಲವರಾಗಿದ್ದರು. ಅಂಥ ಊರಿನ ಮೊಮ್ಮಗಳು ಕನ್ನಡ ಎಂ.ಎ. ಪದವೀಧರೆಯಾಗಿಯೂ ಆ ನಡೆಯನ್ನು ಒಮ್ಮೆಯೂ ಕೇಳದಿರುವುದು ಸಾಧ್ಯವಾಗಿದೆ. ಸಂಪರ್ಕ ತರಗತಿಗಳು ಈ ಕೊರತೆಯನ್ನು ತುಂಬಬೇಕಾಗಿತ್ತು. ಒಂದು ಇಡೀ ಪತ್ರಿಕೆಗೆ ಸಿಗುವ ಕೆಲವೇ ಗಂಟೆಗಳಲ್ಲಿ ಅಧ್ಯಾಪಕರು ಅನಿವಾರ್ಯವಾಗಿ ಸಂಭವನೀಯ ಪ್ರಶ್ನೆಗಳತ್ತ ಸರಿಯುತ್ತಾರೆ.

ಇಂಥ ಪದವಿಯನ್ನು ಸಮಾಜ ಹೇಗೆ ಕಂಡಿತೆಂಬುದಕ್ಕೆ ಆಡುಮಾತೇ ಸಾಕ್ಷಿ. ಕಾಲೇಜಿಗೆ ಹೋದವನು ಎಂ.ಎ. ‘ಓದಿದ’, ಹೊರಗಿನಿಂದ ಬರೆದವನು ಎಂ.ಎ. ‘ಕಟ್ಟಿದ’. ಪರೀಕ್ಷೆಯ ಶುಲ್ಕ ಕಟ್ಟುವುದರಿಂದ ಹುಟ್ಟಿದ ಈ ಬಳಕೆಯಲ್ಲಿ ಹಣ ತೆತ್ತು ಪಡೆದದ್ದೆಂಬ ಕುಹಕದ ಛಾಯೆಯೂ ಸೇರಿಕೊಂಡಿದೆ. ‘ಕಟ್ಟು’ ಎಂಬುದಕ್ಕೆ ನಿರ್ಮಿಸು ಎಂಬ ಅರ್ಥವೂ ಇದೆಯೆಂಬುದನ್ನು ಆಯ್ಕೆ ಸಮಿತಿಗಳು ಅಷ್ಟಾಗಿ ಲಕ್ಷಿಸಿದಂತಿಲ್ಲ.

ಈ ಕುಹಕಕ್ಕೆ ಅಧಿಕೃತ ರೂಪ ಬಂದಂತಾದದ್ದು 2015ರ ಜೂನ್‌ನಲ್ಲಿ. 2012–13ರ ನಂತರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಶಿಕ್ಷಣಕ್ರಮಗಳಿಗೆ ಮಾನ್ಯತೆಯಿಲ್ಲವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಪ್ರಕಟಿಸಿತು. ಆಕ್ಷೇಪದ ಕೇಂದ್ರದಲ್ಲಿದ್ದದ್ದು ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ, ಭೌಗೋಳಿಕ ವ್ಯಾಪ್ತಿಯನ್ನು ಮೀರಿ ನಡೆಸಿದ ಶಿಕ್ಷಣಕ್ರಮಗಳು. ಮೈಸೂರಿನ ಅಧ್ಯಾಪಕರೇ ಪಾಠ ಬರೆದು, ಮೌಲ್ಯಮಾಪನ ಮಾಡಿದ ಕನ್ನಡ ಎಂ.ಎ. ಆ ವಿವಾದದಲ್ಲಿ ಪಾತ್ರಧಾರಿಯಾಗಿರಲಿಲ್ಲ. ಆದರೆ ಏಟು ಎಲ್ಲಕ್ಕೂ ಒಂದೇ ಸಮನಾಗಿ ಬಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ, ಅದೂ 2018–19ರ ಸಾಲಿನಿಂದ ಅನ್ವಯವಾಗುವಂತೆ. ನಡುವಣ ವರ್ಷಗಳು ಸಂಸ್ಥೆಗೆ ಒಂದು ಆಡಳಿತಾತ್ಮಕ ಅಂತರ. ಶಾಲೆಯ ಕೆಲಸ, ಮನೆಯ ಕೆಲಸಗಳ ನಡುವೆ ದಿನಕ್ಕೊಂದು ಗಂಟೆಯಂತೆ ಹೊತ್ತು ಕೂಡಿಟ್ಟು ಓದಿದವಳಿಗೆ ಅದರ ಅರ್ಥ ಬೇರೆ. ಕಟ್ಟಿದ ಶುಲ್ಕವನ್ನು ಹಿಂದಿರುಗಿಸಬಹುದು. ತೆರಪನ್ನು ಹಿಂದಿರುಗಿಸುವ ಕ್ರಮ ಯಾವ ನಿಯಮಾವಳಿಯಲ್ಲಿಯೂ ಇಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಬಂದ ಅನುದಾನ ಆಯೋಗದ ನಿಯಮಾವಳಿ ಮುಕ್ತ–ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣಗಳನ್ನು ಒಂದೇ ಚೌಕಟ್ಟಿಗೆ ತಂದಿತು. ಮಾನ್ಯತೆ ಪಡೆದ ಸಂಸ್ಥೆಗಳು ಈ ಎರಡು ಕ್ರಮಗಳಲ್ಲಿ ನೀಡುವ ಪದವಿ ಸಾಂಪ್ರದಾಯಿಕ ಕ್ರಮದ ಪದವಿಗೆ ಸಮಾನವೆಂದು ಆಯೋಗ 2022ರಲ್ಲಿ ಮತ್ತೆ ಸ್ಪಷ್ಟಪಡಿಸಿತು. ಕಾನೂನಿನ ಮಟ್ಟದಲ್ಲಿ ‘ಓದಿದ’ ಮತ್ತು ‘ಕಟ್ಟಿದ’ಗಳ ಭೇದ ಹೀಗೆ ಅಳಿಯಿತು. ಆನ್‌ಲೈನ್ ಪಾಠಕ್ಕೆ ದೃಶ್ಯಪಾಠ, ಓದಿನ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಪಾದಗಳಿರಬೇಕೆಂಬುದು 2017ರಲ್ಲಿ ಆರಂಭವಾದ ಸ್ವಯಂ ವೇದಿಕೆ ಬಳಕೆಗೆ ತಂದ ವಿನ್ಯಾಸ.

ಹಾಗಾದರೆ ಬಡವನಹಳ್ಳಿಯ ಕಲಿಕಾರ್ಥಿಗೆ ಸಮಸ್ಯೆ ಬಗೆಹರಿಯಿತೆ? ಇಲ್ಲಿ ಒಂದು ವಿಂಗಡಣೆ ಅಗತ್ಯ. ಭಾಷಾವಿಜ್ಞಾನದಿಂದ ಪರಿಚಿತವಾದ ‘ಏಕಕಾಲಿಕ’ ಎಂಬ ಪರಿಭಾಷೆಯನ್ನು ತುಸು ಸಡಿಲವಾಗಿ ಬಳಸುವುದಾದರೆ, ನಿಗದಿತ ಹೊತ್ತಿಗೆ ಎಲ್ಲರೂ ಪರದೆಯ ಮುಂದೆ ಕೂರಬೇಕಾದ ನೇರ ತರಗತಿ ಏಕಕಾಲಿಕ. ಮುದ್ರಿಸಿಟ್ಟ ಪಾಠ ಭಿನ್ನಕಾಲಿಕ. ನೇರ ತರಗತಿ ದೂರವನ್ನು ಪೂರ್ಣವಾಗಿ ಅಳಿಸುತ್ತದೆ, ತೆರಪಿನ ವಿಷಯದಲ್ಲಿ ಮಾತ್ರ ಅದು ಹಳೆಯ ಕಾಲೇಜೇ. ಸಂಜೆ ಆರಕ್ಕೆ ತರಗತಿಯೆಂದರೆ ಅದು ಹಾಲು ಕರೆಯುವ, ಒಲೆ ಹಚ್ಚುವ ಹೊತ್ತು. ಮುದ್ರಿತ ಪಾಠವಾದರೆ ಎಲ್ಲರೂ ಮಲಗಿದ ಮೇಲೂ ಸಿಗುತ್ತದೆ, ನಿಲ್ಲಿಸಿ ಮತ್ತೆ ಕೇಳಬಹುದು. ತಂತ್ರಜ್ಞಾನ ಎರಡಕ್ಕೂ ಒಂದೇ, ಹೆಸರೂ ಒಂದೇ. ಕಲಿಯುವವಳ ಕಡೆಯಿಂದ ನೋಡಿದರೆ ಇವು ಎರಡು ಬೇರೆ ಶಿಕ್ಷಣಗಳು. ವಾರ್ಷಿಕ ಪದ್ಧತಿಯ ಜಾಗದಲ್ಲಿ ಸೆಮಿಸ್ಟರ್ ಬರುವುದನ್ನೂ ಈ ದೃಷ್ಟಿಯಿಂದಲೇ ಪರಿಶೀಲಿಸಬೇಕು. ವರ್ಷಕ್ಕೊಮ್ಮೆ ಬರುತ್ತಿದ್ದ ಪರೀಕ್ಷೆ ಎರಡು ಸಲ ಬಂದರೆ, ಮುಂಗಾರು ಬಿತ್ತನೆಗೋ ಶೇಂಗಾ ಕೀಳುವ ಕಾಲಕ್ಕೋ ಅದು ಡಿಕ್ಕಿ ಹೊಡೆಯುವ ಸಂಭವವೂ ಎರಡರಷ್ಟಾಗುತ್ತದೆ. ಪಠ್ಯಕ್ರಮ ರೂಪಿಸುವ ಸಭೆಗಳಲ್ಲಿ ಈ ಪಂಚಾಂಗದ ಮಾತು ಬರುವುದು ಅಪರೂಪ.

ಕನ್ನಡ ವಿಭಾಗಗಳ ಮಟ್ಟಿಗೆ ಹೇಳುವುದಾದರೆ, ಮುದ್ರಿತ ದನಿ ಹಿಂದೆಂದೂ ಇಲ್ಲದ ಒಂದು ಸಾಧ್ಯತೆಯನ್ನು ತೆರೆದಿದೆ. ಪರಿಷತ್ತಿನ ಪರೀಕ್ಷೆಗೂ ಪ್ರಚಾರೋಪನ್ಯಾಸಕ್ಕೂ ನಡುವೆ ಬಿಟ್ಟುಹೋಗಿದ್ದ ಕಂದಕ ತುಂಬುವುದು ಇಲ್ಲಿ. ಪಠ್ಯದಲ್ಲಿರುವ ಪ್ರತಿಯೊಂದು ಹಳಗನ್ನಡ ಪದ್ಯವನ್ನು ಮೊದಲು ಇಡಿಯಾಗಿ, ಆಮೇಲೆ ಪದ ಬಿಡಿಸಿ, ಮತ್ತೆ ಇಡಿಯಾಗಿ ಓದಿ ಧ್ವನಿಮುದ್ರಿಸಿಡುವುದಕ್ಕೆ ದೊಡ್ಡ ಸ್ಟುಡಿಯೊ ಬೇಕಿಲ್ಲ. ಅಂತರ್ಜಾಲದ ಸಂಪರ್ಕ ದುರ್ಬಲವಾದ ಊರಿನಲ್ಲಿಯೂ ಒಂದು ಪದ್ಯದ ಧ್ವನಿಕಡತ ಮೊಬೈಲಿಗೆ ಇಳಿಯುತ್ತದೆ. ಬದಲಿಗೆ ಆನ್‌ಲೈನ್ ಪಾಠವೆಂಬ ಹೆಸರಿನಲ್ಲಿ ಹಳೆಯ ಸಿದ್ಧಪಾಠವನ್ನು ಕ್ಯಾಮೆರಾದ ಮುಂದೆ ಕುಳಿತು ಓದುವುದಾದರೆ ಅಂಚೆಯ ಲಕೋಟೆಯೇ ಮೇಲು. ಅದಕ್ಕೆ ಚಾರ್ಜು ಬೇಡ. ಚರ್ಚೆಯ ಪಾದವೂ ಅಷ್ಟೇ ಮುಖ್ಯ. ಅಸೈನ್‌ಮೆಂಟಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದ ಎರಡು ಸಾಲು ವಿದ್ಯಾರ್ಥಿಗೆ ತನ್ನನ್ನು ಯಾರೋ ಓದಿದ್ದಾರೆಂಬ ತಿಳಿವನ್ನು ಕೊಡುತ್ತಿತ್ತು. ಅಂಕವನ್ನು ಮಾತ್ರ ತೋರಿಸುವ ಪರದೆಯಿಂದ ಆ ತಿಳಿವು ಬರುವುದಿಲ್ಲ.

ಪದವಿಯ ಆಚೆಗಿನ ಹಂತದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಮುಗಿಸಿದವರು ನೆಟ್, ಕೆ-ಸೆಟ್ ಪರೀಕ್ಷೆಗಳನ್ನು ಬರೆಯಬಹುದು, ಅಧ್ಯಾಪಕರಾಗಬಹುದು. ಪಿಎಚ್.ಡಿ.ಗೆ ಮಾತ್ರ ದೂರಶಿಕ್ಷಣವಾಗಲಿ ಆನ್‌ಲೈನ್ ಕ್ರಮವಾಗಲಿ ಸಲ್ಲದೆಂದು 2022ರ ನಿಯಮಾವಳಿ ಹೇಳುತ್ತದೆ. ಉದ್ಯೋಗದಲ್ಲಿರುವವರಿಗೆ ಅರೆಕಾಲಿಕ ಸಂಶೋಧನೆಗೆ ಅವಕಾಶವುಂಟು. ಅದಕ್ಕೆ ಕೆಲಸ ಕೊಟ್ಟವರ ನಿರಾಕ್ಷೇಪಣ ಪತ್ರ ಬೇಕು, ಕೋರ್ಸ್‌ವರ್ಕ್ ಪೂರೈಸಲು ಹೊತ್ತೂ ಬೇಕು. ಸಂಶೋಧನೆಗೆ ಮಾರ್ಗದರ್ಶಕರ ಸಾನ್ನಿಧ್ಯ ಅಗತ್ಯವೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಬಡವನಹಳ್ಳಿಯ ಆಸುಪಾಸಿನ ಶಾಸನಗಳನ್ನೋ ವೀರಗಲ್ಲುಗಳನ್ನೋ ಪಾವಗಡದ ಗಡಿಯ ಕನ್ನಡ–ತೆಲುಗು ಬೆರಕೆಯನ್ನೋ ಅಭ್ಯಾಸ ಮಾಡಲು ಹೊರಟ ಅಲ್ಲಿಯ ಶಾಲಾಶಿಕ್ಷಕಿಯ ಆಕರ ಇರುವುದು ಅವಳ ಊರಿನಲ್ಲಿಯೇ. ಕೋರ್ಸ್‌ವರ್ಕಿನ ತರಗತಿಗಳನ್ನು ಬೇಸಿಗೆ ಮತ್ತು ದಸರಾ ರಜೆಗಳಲ್ಲಿ ಒಟ್ಟುಗೂಡಿಸಿ ನಡೆಸುವ ನಿರ್ಧಾರಕ್ಕೆ ಹೊಸ ಕಾಯಿದೆಯ ಅಗತ್ಯ ಕಾಣುವುದಿಲ್ಲ. ವಿಭಾಗದ ವೇಳಾಪಟ್ಟಿಯಲ್ಲಿ ಅಷ್ಟು ತೆರಪು ಮಾಡಿಕೊಟ್ಟರೆ ಅವಳು ಬರಬಲ್ಲಳು.